ಬದುಕಿದ್ದಾಗಲೇ ಕತ್ತರಿಸಿದ ಉಡಿದಾರ

ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಗಂಡನ ಕರುಳಿನ ಗಡ್ಡೆ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಹೊಲಿದು, ಅದರ ಮೇಲೊಂದು ಚೀಲ ಅಂಟಿಸಿ ಸಿಂಧಘಟ್ಟಕ್ಕೆ ಕಳಿಸಿದರು. ಮನೆಗೆ ಬಂದ ದಿನ ನಮ್ಮತ್ತೆ ಗೋಳೋ ಎಂದು ಅತ್ತರು. ಹೊಟ್ಟೆಯ ಮೇಲಿದ್ದ ಕರುಳನ್ನು ಕಂಡು ಅತ್ತರು ಅಂದುಕೊಂಡರೆ ನೀವು ನಮ್ಮತ್ತೆಯನ್ನು ಕಂಡಿಲ್ಲ ಎಂದೇ ಅರ್ಥ. ಅವರು ಅತ್ತದ್ದು ಮಗನ ಸೊಂಟದಲ್ಲಿ ಉಡಿದಾರ ಇರಲಿಲ್ಲವಲ್ಲ, ಅದಕ್ಕೆ.

"ಅಯ್ಯೋ ನನ್ ಕಂದ, ಸೊಂಟ ಬರಿದು ಮಾಡ್ಬುಟ್ಟವ್ರಲ್ಲಪ್ಪೋ! ಎಣಕ್ಕಲ್ವಾ ಉಡ್ದಾರ ಕೀಳೋದು!"

ನಮ್ಮ ಕಡೆ ಗಂಡುಮಗುವಿನ ಸೊಂಟಕ್ಕೆ ಕಟ್ಟಿದ ಕರಿದಾರ ಹಳೆಯದಾದರೆ ಹೊಸದು ಬರುತ್ತದೆ, ಸೊಂಟವಂತೂ ಬರಿದಾಗುವುದಿಲ್ಲ. ಅದನ್ನು ಕಿತ್ತು ಬಿಸಾಡುವುದು ಸತ್ತ ಮೇಲೆಯೇ. ಇದು ನನಗೂ ಗೊತ್ತಿತ್ತು, ನಾನೇನು ಆಕಾಶದಿಂದ ಉದುರಿರಲಿಲ್ಲ. ಆದರೆ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ದಾರ ಕತ್ತರಿಸಿದ್ದಕ್ಕೆ ಊರೆಲ್ಲ ಕೇಳುವ ಹಾಗೆ ಎದೆ ಬಡಿದುಕೊಂಡ ಹೆಂಗಸು, ಮಗ ಏನು ತಿನ್ನಬಹುದು, ಹೇಗೆ ಮಲಗಬೇಕು ಎಂದು ಒಂದು ಮಾತು ಕೇಳಲಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಚೀಲ ಬಿಚ್ಚಿ ತೋರಿಸಿದ್ದರು. "ನೋಡಮ್ಮ, ಇದು ಗಾಯ ಅಲ್ಲ, ಕರುಳಿನ ಬಾಯಿ. ನಿಮ್ಮ ತುಟಿಯ ಒಳಗಡೆ ಹೇಗಿದೆಯೋ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಇದನ್ನ ಮುಟ್ಟಿದರೂ ಅವರಿಗೆ ನೋವು ಗೊತ್ತಾಗಲ್ಲ, ಆದ್ದರಿಂದ ನೀವೇ ಕಣ್ಣಿಟ್ಟು ನೋಡ್ತಿರಬೇಕು. ನೇರಳೆ ಬಣ್ಣಕ್ಕೋ ಕಪ್ಪಿಗೋ ತಿರುಗಿದರೆ, ಚೀಲಕ್ಕೆ ಏನೂ ಬರದೆ ಹೊಟ್ಟೆ ಉಬ್ಬಿ ವಾಂತಿಯಾದರೆ ನಾಳೆ ನೋಡೋಣ ಅನ್ನಬೇಡಿ, ಹೊರಟು ಬನ್ನಿ." ಇದನ್ನು ನಾನು ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳಿಸಿಕೊಳ್ಳುತ್ತಿತ್ತೇನೋ.

ನೋಡಲು ಬರುವವರ ದಂಡು ಶುರುವಾಯಿತು. ಬಂದವರಿಗೆಲ್ಲ ಅದನ್ನೇ ನೋಡಬೇಕು. "ಎಲ್ಲಿ, ಒಸಿ ತೋರ್ಸಪ್ಪ ನೋಡನ" ಅಂತ ಪಂಚೆ ಸರಿಸಿ ನೋಡುವುದು, ಸೆರಗಿನಿಂದ ಮೂಗು ಮುಚ್ಚಿಕೊಳ್ಳುವುದು, "ಶಿವ ಶಿವ" ಅನ್ನುವುದು, ಆಮೇಲೆ ಹಾಲು ಜಾಸ್ತಿ ಹಾಕಿದ ಕಾಫಿ ಕುಡಿದು ಹೋಗುವುದು. ನನ್ನ ಗಂಡ ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಮನುಷ್ಯ, ಯಾರ ಮುಂದೆಯೂ ಅಂಗಿ ಬಿಚ್ಚಿದವರಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಇವರೆಲ್ಲರ ಮೇಲೆ ನಮ್ಮ ದೊಡ್ಡಮಾವ. ನನ್ನ ಮಾವನ ಅಣ್ಣ. ಎತ್ತುಗಳ ಹೆಗಲು ಹುಣ್ಣಿಗೆ ಬೇವಿನೆಣ್ಣೆ ಹಚ್ಚಿ ಹಚ್ಚಿ ತಾನೇ ದೊಡ್ಡ ಡಾಕ್ಟರು ಅಂದುಕೊಂಡುಬಿಟ್ಟಿದ್ದ ಮನುಷ್ಯ. ಬಾಯಲ್ಲಿ ಎಲೆಅಡಿಕೆ ಇಲ್ಲದೆ ಒಂದು ಮಾತೂ ಆಡಿದವರಲ್ಲ. ಬಂದು ನೋಡಿ ತೀರ್ಪು ಕೊಟ್ಟರು. "ಇನ್ನೂ ಅಸಿಗಾಯ ಕಣ್ಲಾ, ಅದ್ಕೇ ಕೆಂಪಗದೆ. ಒಣಗಿ ಕರಗಾಗಿ ಅಕ್ಕಳೆ ಕಟ್ಬೇಕು. ಆಗ ಮಾಗ್ತದೆ."

"ಮಾಗಬಾರದು ಮಾವ, ಅದು ಕೆಂಪಗೇ ಇರ್ಬೇಕಂತೆ" ಅಂದೆ.

"ಗಾಯ ಮಾಗಬಾರ್ದಾ? ಇಂತಾ ಮಾತ ಎಲ್ಲೂ ಕೇಳಿಲ್ಲ ಕಣಮ್ಮಿ! ನಿಮ್ ನಾಗಮಂಗ್ಲದ ಒಣಸೀಮೇಲಿ ಅಂಗೇನೋ" ಅಂತ ನಕ್ಕರು. ಮನೆಯವರೆಲ್ಲ ನಕ್ಕರು. ಕಾಲುವೆ ನೀರು ಕುಡಿದ ಮಾತ್ರಕ್ಕೆ ಬುದ್ಧಿ ಬರುವುದಾಗಿದ್ದರೆ ಕೆ.ಆರ್. ಪೇಟೆ ತಾಲ್ಲೂಕಿನ ಎಮ್ಮೆಗಳೆಲ್ಲ ಪಂಡಿತರಾಗಿರಬೇಕಿತ್ತು.

ಅದೇ ವಾರ ದೊಡ್ಡಮಾವ ಜೋಡಿ ಎಳೆಯ ಕರಿದಾರಕ್ಕೆ ಒಂದು ತಾಯತ ಪೋಣಿಸಿಕೊಂಡು ಬಂದರು. ನಾನು ಬೇಡ ಅಂದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ನನ್ನ ಗಂಡನೋ, "ಅವ್ವುನ್ ಸಮಾಧಾನಕ್ಕೆ ಕಟ್ಲಿ ಬುಡು" ಅಂದರು. ಸೊರಗಿ ಹೋದ ಸೊಂಟದಿಂದ ದಾರ ಜಾರದಿರಲಿ ಅಂತ ದೊಡ್ಡಮಾವ ಎಳೆದು ಬಿಗಿಯಾಗಿ ಗಂಟು ಹಾಕಿದರು. ದಾರ ಸರಿಯಾಗಿ ಕರುಳಿನ ಬಾಯಿಯ ಅಂಚಿಗೇ ಬಂದು ಕೂತಿತು. ನಾನು ಅದನ್ನು ಆಗಾಗ ಕೆಳಕ್ಕೆ ಸರಿಸುತ್ತಿದ್ದೆ, ಅದು ಆಗಾಗ ಮೇಲಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ನಾನು ಹೊರಗಾದೆ. ಆ ದಿನಗಳಲ್ಲಿ ಆ ಮನೆಯ ಹೆಂಗಸರು ಹೊರಗಿನ ಜಗಲಿಯ ಮೇಲೆ ಇರಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ಕಾಯಿಲೆಯ ಗಂಡನನ್ನಂತೂ ಮುಟ್ಟುವ ಹಾಗೇ ಇಲ್ಲ. ಚೀಲ ಬದಲಿಸುವ ಕೆಲಸಕ್ಕೆ ಅತ್ತೆ ನಿಂತರು. ಚೀಲವನ್ನು ತೆಗೆದು ಮೂಲೆಗೆಸೆದು, ಸುತ್ತಲೂ ಅರಿಸಿನ ಮೆತ್ತಿ, ಹಳೆಯ ಪಂಚೆಯ ಬಟ್ಟೆ ಮುಚ್ಚಿಟ್ಟರಂತೆ. ಒಳಗಿನಿಂದ ನನ್ನ ಗಂಡ ಒಂದೇ ಸಮನೆ ಕೆಮ್ಮುವುದು ಕೇಳುತ್ತಿತ್ತು. ಜಗಲಿಯ ಮೇಲೆ ಕೂತ ನನಗೆ ಕಿವಿ ಮಾತ್ರ ಇತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಅತ್ತೆ ಮುಖ ಅರಳಿಸಿಕೊಂಡು ಬಾಗಿಲಿಗೆ ಬಂದರು. "ಸೋರೋದು ನಿಂತೋಯ್ತು ಕಣಮ್ಮಿ! ಬೆಳಗಿಂದ ಬಟ್ಟೆ ಒಣಗೇ ಅದೆ. ಕೆಂಪೆಲ್ಲ ಓಗಿ ಕರಗಾಯ್ತು, ಅಕ್ಕಳೆ ಕಟ್ತಾ ಅದೆ. ನಿಮ್ ದೊಡ್ ಮಾವ ಯೋಳಿದ್ದು ಸುಳ್ಳಾ?"

ಜಗಲಿಯಿಂದಲೇ ಕೇಳಿದೆ, "ವಾಂತಿ ಏನಾದ್ರೂ ಆಯ್ತಾ?"

"ಒಂದೆರಡ್ ಕಿತ ಆಯ್ತು. ಒಟ್ಟೆ ಒಸಿ ಉಬ್ಬರಿಸ್ಕೊಂಡದೆ. ಪಿತ್ತ."

ಪಿತ್ತವಂತೆ! ನಾನು ಎದ್ದು ಒಳಗೆ ನುಗ್ಗಿದೆ. "ಮುಟ್ಟಾಗೋಳು ಒಳೀಕ್ ಬಂದ್ಬುಟ್ಳಲ್ಲಪ್ಪೋ" ಅಂತ ಅತ್ತೆ ಹಿಂದಿನಿಂದ ಕೂಗಿದರು. ಕೂಗಿಕೊಳ್ಳಲಿ. ಬಟ್ಟೆ ಎತ್ತಿ ನೋಡಿದೆ. ಕೆಮ್ಮಿದ ರಭಸಕ್ಕೆ ಕರುಳು ಇನ್ನಷ್ಟು ಹೊರಗೆ ಬಂದಿತ್ತು. ಉಡಿದಾರ ಅದರ ಬುಡಕ್ಕೆ ಸಿಕ್ಕಿಕೊಂಡು ಬಿಗಿದಿತ್ತು. ಊದಿಕೊಂಡ ಕರುಳು ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು. ನನ್ನ ಗಂಡನ ಹಣೆಯಲ್ಲಿ ಬೆವರು. "ಅಲ್ಲೇನೂ ನೋವಿಲ್ಲ ಕಣೆ, ಒಟ್ಟೆ ಮಾತ್ರ ನುಲೀತದೆ" ಅಂದರು, ಪಾಪ.

ಗಂಟು ಬಿಚ್ಚಲು ನೋಡಿದೆ. ಅದು ಬಿಚ್ಚುವ ಗಂಟಲ್ಲ. ಅಲ್ಲೇ ಗೋಡೆಗೆ ಒರಗಿ ಕೂತು ಅಡಿಕೆ ಕತ್ತರಿಸುತ್ತಿದ್ದ ದೊಡ್ಡಮಾವನ ಕೈಯಿಂದ ಅಡಕತ್ತರಿ ಕಿತ್ತುಕೊಂಡೆ.

"ಏ, ಏ! ಏನ್ ಮಾಡೀಯೆ? ಗಂಡ ಬದುಕಿದ್ದಂಗೆ ಉಡ್ದಾರ ಕುಯ್ದೀಯಾ? ಮುಂಡೆ ಆಗ್ಬೇಕು ಅಂತಿದ್ದೀಯಾ?" ಅತ್ತೆ ನನ್ನ ಜಡೆ ಹಿಡಿದು ಎಳೆದರು.

ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆ ಮಾತಿನೊಳಗೆ ಹುಟ್ಟಿ ಬೆಳೆದವಳೇ ನಾನೂ. ಆದರೂ ಗಂಡನನ್ನು ಬಲಕ್ಕೆ ಹೊರಳಿಸಿ, ಕರುಳಿಗೆ ತಾಗದ ಹಾಗೆ ಬೆನ್ನಿನ ಕಡೆಯಿಂದ ದಾರಕ್ಕೆ ಅಡಕತ್ತರಿ ಹಾಕಿ ಒತ್ತಿದೆ. ಕಟ್ ಅಂತು. ತಾಯತ ನೆಲಕ್ಕೆ ಬಿದ್ದು ಉರುಳಿತು. ಅತ್ತೆ ಅಲ್ಲೇ ಕುಸಿದು ಎದೆ ಬಡಿದುಕೊಂಡು ಅಳತೊಡಗಿದರು. ಮಗ ಇನ್ನೂ ಉಸಿರಾಡುತ್ತಿದ್ದಾನೆ ಅನ್ನುವುದು ಅವರಿಗೆ ಒಂದು ಲೆಕ್ಕವೇ ಅಲ್ಲ.

ಡೈರಿಯ ಹಾಲು ಸಾಗಿಸುವ ಟೆಂಪೋದಲ್ಲಿ ಹಾಸಿಗೆ ಹಾಸಿ ಹೊರಟೆವು. ದೊಡ್ಡಮಾವ ಯಜಮಾನಿಕೆ ಬಿಡಲಾರದೆ ಮುಂದೆ ಡ್ರೈವರಿನ ಪಕ್ಕ ಹತ್ತಿ ಕೂತರು. ಹೊಸ ಚೀಲ ಅಂಟಿಸಿದ್ದೆ. ದಾರಿಯುದ್ದಕ್ಕೂ ನಾನು ಒದ್ದೆ ಬಟ್ಟೆಯಿಂದ ಗಂಡನ ತುಟಿ ಒರೆಸುವುದು, ಬಗ್ಗಿ ಚೀಲದೊಳಗಿನ ಬಣ್ಣ ನೋಡುವುದು. ಪಾಂಡವಪುರ ದಾಟಿದ ಮೇಲೆ ಚೀಲದೊಳಗೆ ಗುಳುಗುಳು ಅಂತ ಗಾಳಿ ಬಂತು, ಹಿಂದೆಯೇ ಸ್ವಲ್ಪ ಮಲವೂ ಬಂತು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಲಾರಿಗಳು ಅಡ್ಡ ನಿಂತಿದ್ದವು. ಚೀಲದ ಆ ನಾತದಲ್ಲಿ ಕೂತು ನಾನು ಖುಷಿಗೆ ಅತ್ತುಬಿಟ್ಟೆ. ಬುಡದ ಹತ್ತಿರ ನೇರಳೆ ತೆಳುವಾಗಿ ಒಳಗಿನಿಂದ ಕೆಂಪು ಇಣುಕುತ್ತಿತ್ತು.

ಡಾಕ್ಟರು ಟಾರ್ಚು ಹಾಕಿ ನೋಡಿ, ಬುಡದಲ್ಲಿದ್ದ ದಾರದ ಗುರುತಿನ ಮೇಲೆ ಬೆರಳಿಟ್ಟರು. "ಇಲ್ಲಿ ಯಾರು ದಾರ ಕಟ್ಟಿದ್ದು? ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಕರುಳು ಕೊಳೆತು ಮತ್ತೆ ಕೊಯ್ಯಬೇಕಾಗಿತ್ತು. ಆಗ ಜೀವದ ಭರವಸೆ ನಾನು ಕೊಡ್ತಿರಲಿಲ್ಲ."

ದೊಡ್ಡಮಾವ ಕೈಕಟ್ಟಿ ನಿಂತು, "ಎಂಗುಸ್ರು ಬುದ್ಧಿ, ತಿಳೀದೆ ಮಾಡವ್ರೆ" ಅಂದರು.

ಉಗಿಯೋಣ ಅಂದರೆ ಆಸ್ಪತ್ರೆಯ ನೆಲ ಶುಚಿಯಾಗಿತ್ತು.

ಕರುಳಿನ ಅಂಚಿನಲ್ಲಿ ಒಂದು ಚೂರು ಕಪ್ಪಾಗಿ ಉದುರಿತು, ಉಳಿದದ್ದು ಕೆಂಪಗಾಯಿತು. ಮತ್ತೆ ಕೊಯ್ಯಲಿಲ್ಲ. ಊರಿಗೆ ಬಂದ ಮೇಲೆ ಅತ್ತೆ ನನ್ನ ಕೈಯ ನೀರು ಮುಟ್ಟಲಿಲ್ಲ, ಸೊಸೆಯೇ ಮಗನ ಆಯಸ್ಸು ಕತ್ತರಿಸಿದಳು ಅಂತ ಹೊಸಹೊಳಲಿನ ನೆಂಟರವರೆಗೂ ಸುದ್ದಿ ಮುಟ್ಟಿಸಿದರು. ನನ್ನ ಗಂಡ ಮಾತ್ರ ಮತ್ತೆ ಉಡಿದಾರ ಕಟ್ಟಿಸಿಕೊಳ್ಳಲಿಲ್ಲ. ಪಂಚೆಯನ್ನು ಮೇಲಕ್ಕೆ ಉಟ್ಟು, ಅಂಗಿ ಇಳಿಬಿಟ್ಟು, ಡೈರಿಗೆ ಹೋಗಿ ಹಾಲು ಅಳೆದರು. ಮಗಳ ಮದುವೆ ಮಾಡಿದರು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆಗೆ ಹೋದರು.

ಅವರು ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಎದೆನೋವಿನಿಂದ. ಹೆಣಕ್ಕೆ ನೀರು ಹಾಕುವ ಮುಂಚೆ, ಕಣ್ಣು ಮಂಜಾಗಿ ಮೂಲೆ ಹಿಡಿದಿದ್ದ ದೊಡ್ಡಮಾವನೇ ಯಜಮಾನಿಕೆಗೆ ಬಂದರು. ಪಂಚೆಯೊಳಗೆ ಕೈ ಹಾಕಿ ಸೊಂಟವನ್ನೆಲ್ಲ ತಡಕಾಡಿದರು. "ಉಡ್ದಾರ ಎಲ್ಲೈತ್ಲಾ? ಕೀಳ್ಬೇಕಲ್ಲ, ಕೈಗೇ ಸಿಕ್ತಾ ಇಲ್ವಲ್ಲ" ಅಂತ ಸುತ್ತ ಇದ್ದವರನ್ನು ಕೇಳಿದರು.

"ಕೈ ತೆಗೀರಿ ಮಾವ" ಅಂದೆ. "ಅದನ್ನ ಆವತ್ತೇ ಕುಯ್ದಿವ್ನಿ, ನಿಮ್ ಅಡಕತ್ತರೀಲೇ."