ಹೂವಿಗೂ ಸೋಮವಾರ ರಜೆ ಕೊಟ್ಟ ವಿಮಲಾಬಾಯಿ

ಬೆಳಗಿನ ಐದೂಕಾಲು. ಶಿಗ್ಗಾಂವದ ಬೀಜ ಬೆಳೆಗಾರರ ಸಂಘದ ಗೋದಾಮಿನ ಬಾಗಿಲಲ್ಲಿ ವಿಮಲಾಬಾಯಿ ತಮ್ಮ ಕೈಚೀಲದ ಬಾಯಿ ಅಗಲಿಸಿ ಹಿಡಿಯುತ್ತಾರೆ. ಕಾವಲುಗಾರ ಯಲ್ಲಪ್ಪ ಟಾರ್ಚು ಬಿಟ್ಟು ಒಳಗೆ ನೋಡುತ್ತಾನೆ. ಕನ್ನಡಕದ ಪೆಟ್ಟಿಗೆ, ಒಂದು ಕರವಸ್ತ್ರ, ಊಟದ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಬೇಕು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಮೂರು ವರ್ಷ ನಮಸ್ಕಾರ ಹೇಳಿ ಬಾಗಿಲು ತೆಗೆಯುತ್ತಿದ್ದವನು ಈ ಹದಿನೈದು ದಿನದಿಂದ ಅವರ ಮುಖ ನೋಡುತ್ತಿಲ್ಲ.

"ಅವಲಕ್ಕಿ ಅದ ಯಲ್ಲಪ್ಪ. ತಿಂತೀಯೇನು?" ಎನ್ನುತ್ತಾರೆ ವಿಮಲಾಬಾಯಿ.

"ಹುಕುಂ ಆಗೇತ್ರಿ ಬಾಯಾರ. ನಾ ಏನ್ ಮಾಡ್ಲಿ" ಎಂದು ಅವನು ಟಾರ್ಚು ಆರಿಸುತ್ತಾನೆ.

ಗೋದಾಮಿನ ಹಿಂದಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಮೇಜಿನ ಮೇಲೆ ಹಳೆಯ ರೇಷ್ಮೆ ಸೀರೆಯ ತುಂಡು ಹೊದ್ದು ಕುಳಿತಿದೆ ಕಂಪ್ಯೂಟರು. ಸಂಘ ಅದನ್ನು ೧೯೮೬ರಲ್ಲಿ ಹುಬ್ಬಳ್ಳಿಯಿಂದ ತಂದಾಗ ಊರಿನ ಅರ್ಧ ಜನ ನೋಡಲು ಬಂದಿದ್ದರು. ಏಳು ಗಂಟೆಯಾದರೆ ಹಿಟ್ಟಿನ ಗಿರಣಿ, ಪಂಪುಸೆಟ್ಟು ಎಲ್ಲ ಒಟ್ಟಿಗೆ ಶುರುವಾಗಿ ಕರೆಂಟು ಕುಣಿಯತೊಡಗುತ್ತದೆ. ಅದಕ್ಕೇ ಅವರ ಕೆಲಸವೆಲ್ಲ ಈ ಒಂದೂವರೆ ತಾಸಿನಲ್ಲಿ. ಲೆಕ್ಕದ ಪ್ರೋಗ್ರಾಂ ಇರುವ, ಅಂಗೈ ಅಗಲದ ಕರಿಯ ಫ್ಲಾಪಿಯನ್ನು ಕಪಾಟಿನಿಂದ ತೆಗೆದು, ಬಾಯಿಯಿಂದ ಧೂಳು ಊದಿ, ಯಂತ್ರದ ಸೀಳಿಗೆ ತೂರಿಸುತ್ತಾರೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಸೇರಿ ಇಪ್ಪತ್ತೇಳು ಹಳ್ಳಿ, ಇನ್ನೂರಾ ಹನ್ನೆರಡು ಬೆಳೆಗಾರರು. ದಿನಕ್ಕೆ ಹೆಚ್ಚೆಂದರೆ ಮೂವತ್ತು ಚೀಟಿ ಅಚ್ಚಾಗುತ್ತವೆ. ಪ್ರಿಂಟರಿನ ರಿಬ್ಬನ್ನು ಸವೆದರೆ ಅದಕ್ಕೆ ಮುದ್ರೆಯೊತ್ತುವ ಮಸಿ ಹಚ್ಚಿ ಮತ್ತೆ ನಡೆಸುತ್ತಾರೆ. ದಫ್ತರದಲ್ಲಿ ಅವರ ಹುದ್ದೆ ಇವತ್ತಿಗೂ 'ಟೈಪಿಸ್ಟ್'.

ಆ ಚೀಟಿಯಲ್ಲಿ ಇರುವುದು ನಾಲ್ಕೇ ತಾರೀಖು. ಹತ್ತಿಯ ಸಂಕರ ಬೀಜ ಬೆಳೆಯುವವರು ಗಂಡು ಸಾಲು ಯಾವಾಗ ಬಿತ್ತಬೇಕು, ಹೆಣ್ಣು ಸಾಲು ಯಾವಾಗ ಬಿತ್ತಬೇಕು, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕ್ರಾಸಿಂಗನ್ನು ಹೆಂಗಸರು ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು. ಎರಡೂ ಸಾಲು ಒಂದೇ ಹೊತ್ತಿಗೆ ಹೂವಾದರೆ ಬೀಜ ಉಂಟು. ಗಂಡು ಹೂ ಬರುವಷ್ಟರಲ್ಲಿ ಹೆಣ್ಣು ಹೂ ಬಾಡಿದರೆ ಆ ವರ್ಷ ಕಟ್ಟಿಗೆ ಮಾತ್ರ.

ವಿಮಲಾಬಾಯಿ ಸವಣೂರಿನವರು. ತಂದೆ ಪಂಚಾಂಗದ ಗಣಿತ ಮಾಡುತ್ತಿದ್ದರು. ಮಗಳು ಪಾಟಿಯ ಮೇಲೆ ಕೂಡಿಸಿ ಕಳೆದು, ತಂದೆಯ ಲೆಕ್ಕ ಸರಿಯೋ ತಪ್ಪೋ ಹೇಳಬೇಕಿತ್ತು. ಮದುವೆಯಾಗಿ ಶಿಗ್ಗಾಂವಕ್ಕೆ ಬಂದರು. ಅಂಚೆ ಕಚೇರಿಯಲ್ಲಿರುವ ಗಂಡ ವೆಂಕಟೇಶ ಅಡ್ಡ ಬರಲಿಲ್ಲ. ಎರಡು ಮಕ್ಕಳನ್ನು ತಾಯಿ ಗೋಪಿಕಾಬಾಯಿಯವರ ಕೈಗೊಪ್ಪಿಸಿ ಹತ್ತು ತಿಂಗಳು ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರು ಕಲಿತರು. ಕ್ಲಾಸಿನಲ್ಲಿ ಅವರೊಬ್ಬರೇ ಹೆಂಗಸು, ಅವರೊಬ್ಬರೇ ತಾಯಿ. ಸಂಘದಲ್ಲಿ ಕೆಲಸ ಸಿಕ್ಕಾಗ ಚೀಟಿಗಳನ್ನು ಇಬ್ಬರು ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದರು, ತಪ್ಪುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸಲು ಅವರು ಬರೆದ ಪ್ರೋಗ್ರಾಂ ಸಾವಿರದ ನೂರಾ ನಲವತ್ತು ಸಾಲಿನದು. ಬರೆಯಲು ಎಂಟು ತಿಂಗಳು ಹಿಡಿಯಿತು.

ಅದರಲ್ಲಿ ಒಂದು ತಪ್ಪಿತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಬಿತ್ತನೆ ಸೋಮವಾರಕ್ಕೆ ಬಂದರೆ ಮಂಗಳವಾರಕ್ಕೆ ದೂಡಬೇಕೆಂದು ರೈತರು ಹೇಳಿದ್ದರು. ವಿಮಲಾಬಾಯಿ ದೂಡಿದರು. ಆದರೆ ಬಿತ್ತನೆಯ ತಾರೀಖುಗಳನ್ನಷ್ಟೇ ಅಲ್ಲ, ನಾಲ್ಕನ್ನೂ. ಕ್ರಾಸಿಂಗ್ ಮಾಡುವವರು ಹೆಂಗಸರು, ಬರಿಗೈಯಲ್ಲಿ. ಅಲ್ಲಿ ಎತ್ತೂ ಇಲ್ಲ, ನೊಗವೂ ಇಲ್ಲ. ಮೊದಲ ವರ್ಷ ಚೀಟಿ ಓದಿಸಿಕೊಂಡ ಅಬಲೂರಿನ ಉಡಚವ್ವ ಬಿದ್ದು ಬಿದ್ದು ನಕ್ಕಿದ್ದಳಂತೆ. "ಎತ್ತಿಗೆ ಸೂಟಿ ಕೊಟ್ರಿ, ಚಲೋ ಆತು. ಹೂವಿಗೂ ಸೋಮವಾರ ಸೂಟಿ ಕೊಟ್ಟೀರಲ್ರೀ ಬಾಯಾರ. ನಮಗ ಯಾವ ವಾರ ಕೊಡ್ತೀರಿ?"

ಒಂದು ದಿನದಿಂದ ಹೂವಿಗೆ ನಷ್ಟವಿಲ್ಲವೆಂದು ಆ ತಪ್ಪು ಹಾಗೇ ಉಳಿಯಿತು.

ಉಡಚವ್ವನಿಗೆ ಐವತ್ತರ ಮೇಲಾಗಿದೆ. ಇಪ್ಪತ್ತು ಹೆಂಗಸರ ಕ್ರಾಸಿಂಗ್ ಗುಂಪಿಗೆ ಮುಂದಾಳು. ಓದು ಬರುವುದಿಲ್ಲ, ಹೂವು ಬರುತ್ತದೆ. ಎರಡನೆಯ ವರ್ಷ ಅವಳು ನಡೆದು ಬಂದು ಇನ್ನೊಂದು ಮಾತು ಹೇಳಿದಳು: ಹಾನಗಲ್ಲ ಕಡೆಯ ಕೆಂಪು ಮಸಾರಿ ನೆಲದ ಲೆಕ್ಕ ಅಬಲೂರಿನ ಕರಿಯ ಎರೆ ನೆಲಕ್ಕೆ ಹೊಂದುವುದಿಲ್ಲ, ಅಲ್ಲಿ ಗಂಡು ಹೂ ಒಂಬತ್ತು ದಿನ ತಡ. ಪುಸ್ತಕದಲ್ಲಿ ಅಂಥದ್ದೇನೂ ಇರಲಿಲ್ಲ. ವಿಮಲಾಬಾಯಿ ಹೋಗಿ ಹೊಲದಲ್ಲಿ ನಿಂತು ನೋಡಿದರು, ಹೌದೆನಿಸಿತು, ಬಂದು ಪ್ರೋಗ್ರಾಮಿಗೆ ಆರು ಸಾಲು ಸೇರಿಸಿದರು. ಎರೆ ನೆಲವಾದರೆ ಹೆಣ್ಣು ಸಾಲಿನ ಬಿತ್ತನೆ ಒಂಬತ್ತು ದಿನ ತಡವಾಗಿ. ಆ ವರ್ಷದಿಂದ ಅಬಲೂರಿನ ಬೀಜ ಸಂಘದಲ್ಲಿ ಮೊದಲ ದರ್ಜೆಗೆ ಬಂತು.

ಈ ಜೂನ್ ಮೊದಲ ವಾರ ಉಡಚವ್ವ ಮತ್ತೆ ಬಂದಳು. ಅವಳ ತಮ್ಮ ಗುಡ್ಡಪ್ಪ ಮತ್ತು ಇನ್ನೂ ಹತ್ತು ಮನೆಯವರು ಈ ಸಲ ಸಂಘ ಬಿಟ್ಟು ಹೊಸದಾಗಿ ಬಂದ ಒಂದು ಖಾಸಗಿ ಕಂಪನಿಯ ಬೀಜ ಹಿಡಿದಿದ್ದರು. ಕಂಪನಿಯವರೂ ಚೀಟಿ ಕೊಟ್ಟಿದ್ದರು, ಕಂಪ್ಯೂಟರಿನದೇ. ಹನ್ನೊಂದು ಚೀಟಿಯನ್ನೂ ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. "ನಿಮ್ಮ ಚೀಟಿ ಇದ್ದಂಗ ಐತ್ರಿ. ಆದ್ರ ಏನೋ ಬ್ಯಾರೆ ಕಾಣಾಕತ್ತೇತಿ. ಓದಿ ಹೇಳ್ರಿ" ಎಂದಳು.

ವಿಮಲಾಬಾಯಿ ಓದಿದರು. ಮೇಲೆ ಕಂಪನಿಯ ಹೆಸರು, ಕೆಳಗೆ ನಾಲ್ಕು ತಾರೀಖು. ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ಹೊಲದ ಕ್ರಾಸಿಂಗ್ ನ್ಯಾಯವಾಗಿ ಸೋಮವಾರ ಶುರುವಾಗಬೇಕಿತ್ತು. ಮೂರೂ ಮಂಗಳವಾರಕ್ಕೆ ಜಾರಿದ್ದವು. ಎತ್ತಿನ ರಜೆಯನ್ನು ಹೂವಿಗೂ ಕೊಟ್ಟವರು ಈ ಸೀಮೆಯಲ್ಲಿ ಅವರೊಬ್ಬರೇ. ಪ್ರೋಗ್ರಾಂ ಅವರದೇ, ಅನುಮಾನವಿಲ್ಲ. ಆದರೆ ಎರೆ ನೆಲದ ಒಂಬತ್ತು ದಿನ ಅದರಲ್ಲಿ ಇರಲಿಲ್ಲ. ಯಾರೋ ಒಯ್ದದ್ದು ಹಳೆಯದು, ತಿದ್ದುವ ಮೊದಲಿನದು.

ಆ ದಿನ ಅವರು ಉಡಚವ್ವನಿಗೆ ಏನೂ ಹೇಳದೆ ಕಳಿಸಿದರು. ನಾಲ್ಕು ದಿನ ಬಿಟ್ಟು ಬಾ ಎಂದರು. ಅದನ್ನು ಈಗ ಮುಚ್ಚಿಡದೆ ಹೇಳುತ್ತಾರೆ: "ಹೆದರಿದೆ. ಫ್ಲಾಪಿ ಕಪಾಟಿನ ಕೀಲಿ ನನ್ನ ಕಡೆ ಇರ್ತಿತ್ತು. ಕಳುವಾಗೇದ ಅಂತ ನಾನಽ ಹೇಳಿದ್ರ, ಕಳ್ಳರು ಯಾರು ಅಂತ ಕೇಳೂದು ನನ್ನನ್ನಽ."

ಆ ನಾಲ್ಕು ದಿನ ಅವರ ಕಣ್ಣಿಗೆ ಎಲ್ಲರೂ ಕಳ್ಳರಾಗಿ ಕಂಡರು. ವರ್ಷಕ್ಕೆರಡು ಸಲ ಯಂತ್ರ ಒರೆಸಲು ಹುಬ್ಬಳ್ಳಿಯಿಂದ ಬರುವ ಮಜೀದ. ಒಮ್ಮೆ ಯಾರೋ ಸ್ನೇಹಿತರಿಗೆ ತೋರಿಸುತ್ತೇನೆಂದು ಫ್ಲಾಪಿಯನ್ನು ಮನೆಗೊಯ್ದು ಎರಡು ದಿನ ಇಟ್ಟುಕೊಂಡಿದ್ದ ಸಂಘದ ಕಾರ್ಯದರ್ಶಿ ಪರಮೇಶಪ್ಪ. ರಾತ್ರಿಯೆಲ್ಲ ಗೋದಾಮಿನಲ್ಲಿರುವ ಯಲ್ಲಪ್ಪ. ಕಡೆಗೆ, ಫ್ಲಾಪಿ ಅಂದರೆ ಅಂಚೆಯಲ್ಲಿ ಹೋಗುತ್ತದೆಯೇ ಎಂದು ಯಾವಾಗಲೋ ಕೇಳಿದ್ದ ಸ್ವಂತ ಗಂಡ. ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಮಜೀದನನ್ನು ಕೇಳಿದರು. ಅವನು ಅಡಗಿಸಲಿಲ್ಲ. ಯಂತ್ರ ಬಿಚ್ಚುವ ಮುನ್ನ ಎಲ್ಲರ ಫ್ಲಾಪಿಯನ್ನೂ ಒಂದು ನಕಲು ಮಾಡಿ ಅಂಗಡಿಯಲ್ಲಿಡುವುದು ಅವನ ಪದ್ಧತಿ. ಕೆಟ್ಟರೆ ಇರಲಿ ಅಂತ. ಅಂಗಡಿಗೆ ಹತ್ತು ಮಂದಿ ಬರುತ್ತಾರೆ. ಸಂಘದ ಮೊದಲ ವರ್ಷದ ನಕಲು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಇದರ ಮೇಲೆ ಯಾರದಾದರೂ ಹಕ್ಕಿದೆ ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದನಂತೆ. ವಿಮಲಾಬಾಯಿ ಅರ್ಧ ನಂಬಿದರು. ಉಳಿದರ್ಧ ಇನ್ನೂ ಹಾಗೇ ಇದೆ.

ಅಷ್ಟರಲ್ಲಿ ದಿನ ಓಡುತ್ತಿತ್ತು. ಅಬಲೂರಿನ ಹನ್ನೊಂದು ಹೊಲದಲ್ಲಿ ಗಂಡು ಸಾಲು ಆಗಲೇ ಮೊಳೆತಿತ್ತು. ಕಂಪನಿಯ ಚೀಟಿಯಂತೆ ಹೆಣ್ಣು ಸಾಲು ಗುರುವಾರ ಬಿತ್ತಿದರೆ ಹೂವುಗಳು ಒಂದನ್ನೊಂದು ಕಾಣುವುದಿಲ್ಲ. ಸುಮ್ಮನಿದ್ದರೆ ಅವರ ನೌಕರಿಗೆ ಧಕ್ಕೆಯಿಲ್ಲ. ಕದ್ದ ಕಂಪನಿಗೆ ತಕ್ಕ ಶಾಸ್ತಿಯೂ ಆಗುತ್ತಿತ್ತು. ಆದರೆ ಶಾಸ್ತಿಯಾಗುವುದು ಕಂಪನಿಗಲ್ಲ, ಗುಡ್ಡಪ್ಪನ ಹೊಲಕ್ಕೆ.

ಮಂಗಳವಾರ ಬೆಳಿಗ್ಗೆ ಅವರು ಪರಮೇಶಪ್ಪನ ಮುಂದೆ ಚೀಟಿಗಳನ್ನಿಟ್ಟು ಎಲ್ಲವನ್ನೂ ಹೇಳಿದರು. ಸೋಮವಾರದ ತಪ್ಪು, ಒಂಬತ್ತು ದಿನ, ಮಜೀದನ ನಕಲು. ತಾನು ಅಬಲೂರಿಗೆ ಹೋಗಿ ತಾರೀಖು ತಿದ್ದಿ ಬರುತ್ತೇನೆಂದೂ ಹೇಳಿದರು. ಪರಮೇಶಪ್ಪ ಹನ್ನೊಂದು ಚೀಟಿಯನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು.

"ಅವರ ಚೀಟಿಯೊಳಗಿನ ತಪ್ಪು ನಿಮಗ ಇಷ್ಟು ಸರಳ ಹೆಂಗ ಸಿಕ್ತು, ಬಾಯಾರ?"

"ನಾನಽ ಮಾಡಿದ ತಪ್ಪು ಸರ್. ನನಗ ಸಿಗದ ಯಾರಿಗೆ ಸಿಗ್ತದ?"

"ಅದನ್ನಽ ನಾನೂ ಅನ್ನಾಕತ್ತೇನಿ" ಎಂದರು ಪರಮೇಶಪ್ಪ.

ಕಾರ್ಯದರ್ಶಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಸಂಘ ಬಿಟ್ಟುಹೋದವರ ಹೊಲ ಉಳಿಸಲು ಸಂಘದ ಪಗಾರ ತಿನ್ನುವವರು ಹೋಗುವುದೆಂದರೆ ಆಡಳಿತ ಮಂಡಳಿಗೆ ಏನು ಹೇಳಬೇಕು ಎಂಬುದು ಅವರ ಚಿಂತೆ. ಹೋದರೆ ಕಳುವಿನಲ್ಲಿ ಪಾಲಿದೆಯೆಂದು ಒಪ್ಪಿಕೊಂಡಂತೆ ಎಂದು ಎಚ್ಚರಿಸಿದರು. ವಿಮಲಾಬಾಯಿ ರಜೆಯ ಅರ್ಜಿ ಬರೆದುಕೊಟ್ಟು, ಯಾವ ಊರಿಗೆ, ಯಾತಕ್ಕೆ ಎಂಬುದನ್ನೂ ಅದರಲ್ಲೇ ಬರೆದು, ಮಧ್ಯಾಹ್ನದ ಬಸ್ಸು ಹತ್ತಿದರು.

ಅಬಲೂರಿನಲ್ಲೂ ಅವರನ್ನು ಹಾರ ಹಾಕಿ ಕರೆಯಲಿಲ್ಲ. ಬಿಟ್ಟುಹೋದ ಸಿಟ್ಟಿಗೆ ಬೆಳೆ ಕೆಡಿಸಲು ಸಂಘವೇ ಕಳಿಸಿದೆ ಎಂದು ಗುಡ್ಡಪ್ಪ ಸಂಶಯಪಟ್ಟ. ಕಂಪನಿಯ ಅಚ್ಚಿನ ಚೀಟಿ ಒಂದು ಕಡೆ, ಬಾಯಾರ ಕೈಬರಹ ಒಂದು ಕಡೆ. ಯಾವುದನ್ನು ನಂಬಬೇಕು ಎಂದು ಕೇಳಿದ. ಉಡಚವ್ವ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ಚೀಟಿ ಸುಡು. ಒಂಬತ್ತು ದಿನ ಅಂತ ಅವರಿಗೆ ಹೇಳಿದಾಕಿ ನಾನು. ನನ್ನ ಮಾತು ಬಾಯಾರು ನಂಬಿದ್ರು, ಒಡಹುಟ್ಟಿದಾಂವ ನೀ ನಂಬಾಂಗಿಲ್ಲೇನ?"

ಹನ್ನೊಂದರಲ್ಲಿ ಒಂಬತ್ತು ಮನೆಯವರು ಬಿತ್ತನೆ ಮುಂದೂಡಿದರು. ಗುಡ್ಡಪ್ಪನೂ ಮುಂದೂಡಿದ, ಗೊಣಗುತ್ತಲೇ. ಇಬ್ಬರು ಕಂಪನಿಯ ಚೀಟಿಯಂತೆ ಗುರುವಾರವೇ ಬಿತ್ತಿದ್ದಾರೆ. ಯಾರು ಸರಿ ಎಂಬುದು ಹೂ ಬಿಡುವ ತನಕ ತಿಳಿಯುವುದಿಲ್ಲ. ಕಂಪನಿಯವರನ್ನು ಕೇಳಿದರೆ ಪ್ರೋಗ್ರಾಂ ತಮ್ಮದೇ, ಹಣ ಕೊಟ್ಟು ತಂದದ್ದು ಎನ್ನುತ್ತಾರೆ. ಯಾರಿಂದ ಎಂದರೆ ಬಾಯಿ ಬಿಡುವುದಿಲ್ಲ.

ವಿಮಲಾಬಾಯಿ ಹಿಂದಿರುಗಿದ ಮರುದಿನದಿಂದ ಚೀಲದ ತಪಾಸಣೆ ಶುರುವಾಯಿತು. ಕಪಾಟಿನ ಕೀಲಿ ಈಗ ಪರಮೇಶಪ್ಪನ ಬಳಿಯಿದೆ. ಬೆಳಿಗ್ಗೆ ಯಲ್ಲಪ್ಪನ ಕೈಗೆ ಬರುತ್ತದೆ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಹೋಗುತ್ತದೆ. ಅವರನ್ನು ಕೆಲಸದಿಂದ ತೆಗೆದಿಲ್ಲ. ಯಂತ್ರ ನಡೆಸಬಲ್ಲವರು ಬೇರೆ ಯಾರೂ ಇಲ್ಲವಲ್ಲ. ಆದರೆ ಮಂಡಳಿ ಒಂದು ಕರಾರುಪತ್ರ ಮಾಡಿಸಿ ಮುಂದಿಟ್ಟಿದೆ. ಪ್ರೋಗ್ರಾಮಿನ ಎಲ್ಲ ಸಾಲೂ ಸಂಘದ ಸ್ವತ್ತು. ಅದರ ಸರಿತಪ್ಪುಗಳ ಬಗ್ಗೆ ಹೊರಗಿನವರ ಮುಂದೆ ಎಲ್ಲಿಯೂ ಮಾತನಾಡಕೂಡದು. ಸಹಿ ಹಾಕಿದರೆ ನೌಕರಿ, ಇಲ್ಲದಿದ್ದರೆ ಕಳ್ಳತನದ ವಿಚಾರಣೆ. ಬರುವ ಬುಧವಾರ ಸಭೆ.

ಸ್ವತ್ತಿನ ಮಾತಿಗೆ ಅವರ ತಕರಾರಿಲ್ಲ. ಸಂಘದ ಪಗಾರ, ಸಂಘದ ಯಂತ್ರ, ಸಂಘದ ಕರೆಂಟು. "ನಾ ಬರದೇನಿ ಅನ್ನೂದೂ ಖರೇ, ಸಂಘದ್ದು ಅನ್ನೂದೂ ಖರೇ" ಎನ್ನುತ್ತಾರೆ. "ಆದರ ಆ ಒಂಬತ್ತು ದಿನ ಯಾರ ಸ್ವತ್ತು? ಉಡಚವ್ವಗ ಯಾರು ಕರಾರುಪತ್ರ ಬರಕೊಟ್ಟಾರ?" ಇದನ್ನು ಪರಮೇಶಪ್ಪನ ಎದುರಿಗೂ ಕೇಳಿದ್ದಾರಂತೆ. ಸಭೆಯಲ್ಲಿ ಕೇಳಬೇಡಿ ಎಂದಷ್ಟೇ ಅವರು ಹೇಳಿದರಂತೆ.

ಕರಾರುಪತ್ರ ಅವರ ಮೇಜಿನ ಮೇಲೆಯೇ ಇದೆ. ಮೂವತ್ತನೆಯ ಚೀಟಿ ಅಚ್ಚಾಗಿ ಬೀಳುತ್ತದೆ. ಹೊರಗೆ ಗಿರಣಿ ಶುರುವಾಗಿದೆ. ಯಂತ್ರ ಆರಿಸಿ, ಹೊದಿಕೆ ಹೊದಿಸಿ, ಅವರು ಪತ್ರವನ್ನು ಎಳೆದುಕೊಂಡು ಸಹಿ ಮಾಡುತ್ತಾರೆ. ಮಾತನಾಡಕೂಡದು ಎಂಬ ಸಾಲಿನ ಮೇಲೆ ಮಾತ್ರ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೈಯಿಂದ ಎರಡು ಸಾಲು ಸೇರಿಸಿ, ಅಲ್ಲಿಯೂ ಸಹಿ ಹಾಕುತ್ತಾರೆ. ಮಂಡಳಿ ಇದನ್ನು ಒಪ್ಪುತ್ತದೆಯೇ ಎಂದು ಕೇಳಿದರೆ, ಒಪ್ಪಲಿಕ್ಕಿಲ್ಲ ಎನ್ನುತ್ತಾರೆ. ಹಾಗಾದರೆ ಏನು ಬರೆದಿರಿ ಎಂದರೆ ಕನ್ನಡಕ ಸರಿಮಾಡಿಕೊಂಡು, ಪತ್ರ ನೋಡದೆಯೇ ಹೇಳುತ್ತಾರೆ:

"ಪ್ರೋಗ್ರಾಂ ಸಂಘದ್ದಽ ಇರಲಿ, ನನಗ ಬ್ಯಾಡ. ಅದರೊಳಗಿನ ತಪ್ಪು ನಂದು. ಅದು ಯಾರ ಹೊಲದೊಳಗ ಕಂಡ್ರೂ ಹೋಗಿ ತಿದ್ದಾಕಿ ನಾನು. ಅಷ್ಟ ಬರದೇನಿ."