ಗುರುಬಸವ್ವನ ಮೂಗು, ಅಯ್ಯನವರ ಪಾದ

ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ದವಾಖಾನೆಯಲ್ಲಿ ಇಬ್ಬರು ಡಾಕ್ಟರಿದ್ದಾರೆ ಎಂದು ಅರವತ್ತೆರಡನೆಯ ಇಸವಿಯ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮಾತಾಗಿತ್ತು. ಒಬ್ಬರು ಧಾರವಾಡದಿಂದ ಬಂದ ಕನ್ನಡಕದ ಡಾಕ್ಟರು. ಇನ್ನೊಬ್ಬಳು ಅವರ ಕೈಕೆಳಗೆ ಹುಣ್ಣು ತೊಳೆದು ಪಟ್ಟಿ ಕಟ್ಟುವ ಗುರುಬಸವ್ವ. ಡಾಕ್ಟರಿಗೆ ಓದು ಜಾಸ್ತಿ, ಗುರುಬಸವ್ವನಿಗೆ ಬಾಯಿ ಜಾಸ್ತಿ. ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ಬಂದವರೂ ಮೊದಲು ಅವಳ ಮುಂದೆ ಕಾಲು ಚಾಚಿ, ಆಮೇಲೆ ಒಳಗೆ ಹೋಗುತ್ತಿದ್ದರು.

ಡಾಕ್ಟರು ‘ಅಲ್ಸರ್’ ಅಂದರೆ ರೋಗಿಯ ಮುಖ ಬಿಳಿಚಿಕೊಳ್ಳುತ್ತಿತ್ತು. “ಹುಣ್ಣಪಾ, ಹುಣ್ಣು. ಅಷ್ಟಕ್ಕ ಯಾಕ ಹೆಂಡತಿ ಕಡೆ ನೋಡ್ತಿ?” ಅನ್ನುತ್ತಿದ್ದಳು ಗುರುಬಸವ್ವ. ಇನ್ಫೆಕ್ಷನ್ ಅಂದರೆ ನಂಜು, ಡಯಾಬಿಟೀಸ್ ಅಂದರೆ ಸಕ್ಕರೆ ಬೇನೆ ಎಂದು ಒಂದೊಂದನ್ನೂ ಬಿಡಿಸಿ ಹೇಳುವಳು. ರೋಗಿಗಳ ಮಾತನ್ನು ಡಾಕ್ಟರಿಗೆ ತಿಳಿಸುವ ಕೆಲಸವೂ ಅವಳದೇ. “ಕಾಲಾಗ ಇರುವಿ ಹರದಾಡ್ತಾವ” ಎಂದು ಒಬ್ಬ ಹೇಳಿದಾಗ ಡಾಕ್ಟರು ಬಗ್ಗಿ ಇರುವೆ ಹುಡುಕಿದರು ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅದು ಶುದ್ಧ ಸುಳ್ಳು. ಜೋಮು ಎಂದರೇನೆಂದು ಡಾಕ್ಟರಿಗೆ ಅವಳಷ್ಟೇ ಗೊತ್ತಿತ್ತು.

ಒಂದು ಮಾತು ಕೇಳಿದರೆ ಮಾತ್ರ ಅವಳ ನಗೆ ಹಾರಿಹೋಗುತ್ತಿತ್ತು. ಅದು “ನೋವೇನಿಲ್ಲ ಬಿಡವಾ” ಎಂಬ ಮಾತು. ಅವಳ ಅಪ್ಪ ಅಂದಾನೆಪ್ಪ ಕಬ್ಬಿನ ಕೂಳೆ ಚುಚ್ಚಿದ ಕಾಲಿನಲ್ಲಿ ಒಂದು ತಿಂಗಳು ಹಾಗೆನ್ನುತ್ತಲೇ ಓಡಾಡಿದ್ದ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು, ಗಾಡಿ ಕಟ್ಟಿ ದವಾಖಾನೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಕ್ಕರೆ ಬೇನೆ ಹಳೆಯದಾದರೆ ಪಾದದ ಅರಿವೇ ಸತ್ತುಹೋಗುತ್ತದೆ, ಆಮೇಲೆ ನೋವಿಲ್ಲದಿರುವುದೇ ಕೆಟ್ಟ ಸುದ್ದಿ ಎಂಬುದು ಅವಳಿಗೆ ತಿಳಿದದ್ದು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಮೊದಲೇ ತಿಳಿದಿದ್ದರೆ ಅಪ್ಪ ಉಳಿಯುತ್ತಿದ್ದ ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ.

ಇಂಥವಳ ಮನೆತನಕ್ಕೆ ಗುರುಗಳಾಗಿದ್ದವರು ಬಸಲಿಂಗಯ್ಯನವರು. ಅವಳ ಕೊರಳಿಗೆ ಲಿಂಗ ಕಟ್ಟಿದವರು, ಅವಳ ಮದುವೆಯಲ್ಲಿ ಅಕ್ಷತೆ ಹಾಕಿದವರು, ಅಪ್ಪ ತೀರಿಕೊಂಡ ದಿನ ಊಟ ಬಿಟ್ಟು ಅವಳ ಪಕ್ಕದಲ್ಲಿ ಕುಳಿತವರು. ಅರವತ್ತು ದಾಟಿದ ಸಾಧು ಮನುಷ್ಯ. ಹೋಳಿಗೆ ಕಂಡರೆ ಮಾತ್ರ ಸಾಧುತನ ಸ್ವಲ್ಪ ಸಡಿಲುತ್ತಿತ್ತು.

ಆ ವರ್ಷ ಅಯ್ಯನವರ ಪಾದಗಳಿಗೆ ದೊಡ್ಡ ಹೆಸರು ಬಂತು. ಕಾಳಿನ ಅಡತಿ ಅಂಗಡಿಯ ಮುದಕಪ್ಪನ ಮನೆಯಲ್ಲಿ ಪಾದಪೂಜೆ ನಡೆದಾಗ ಸೊಸೆ ಗಡಿಬಿಡಿಯಲ್ಲಿ ಕುದಿಯುವ ನೀರನ್ನೇ ತಂದು ಅವರ ಪಾದದ ಮೇಲೆ ಸುರಿದಿದ್ದಳು. ತಂಬಿಗೆ ಹಿಡಿದ ಅವಳ ಕೈ ಸುಟ್ಟಿತು, ತಟ್ಟೆ ಹಿಡಿದ ಮುದಕಪ್ಪ ಚೀರಿದ. ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಲೇ ಇದ್ದರು. ಮುದಕಪ್ಪನಿಗೆ ಅಷ್ಟೇ ಸಾಕಾಯಿತು. “ಅಯ್ನಾರ ಪಾದಕ್ಕ ಸಿದ್ಧಿ ಆಗೇತಿ, ಬೆಂಕೀನೂ ಮುಟ್ಟೂದಿಲ್ಲ!” ಎಂದು ಸಂತೆಯಲ್ಲಿ ಸಾರಿದ. ಆಮೇಲೆ ಪ್ರತಿ ಮನೆಯವರೂ ಭಕ್ತಿಯಿಂದ ನೀರನ್ನು ಇನ್ನಷ್ಟು ಕಾಯಿಸತೊಡಗಿದರು. ಅಯ್ಯನವರು ಮೊದಮೊದಲು ಗಲಿಬಿಲಿಗೊಂಡರು. ಆದರೆ ಅಷ್ಟು ಜನ ಹೇಳುವಾಗ ಇದ್ದರೂ ಇರಬಹುದು ಎಂದುಕೊಂಡು ಕಾಲಿನ ಆವಿಗೆಯನ್ನೂ ಬಿಟ್ಟು ಬರಿಗಾಲಲ್ಲಿ ನಡೆಯತೊಡಗಿದರು.

ಒಂದು ಸೋಮವಾರ ಗುರುಬಸವ್ವನ ಮನೆಯಲ್ಲಿ ಪಾದಪೂಜೆ. ಪಾದ ತೊಳೆಯಲು ಬಗ್ಗಿದವಳ ಮೂಗಿಗೆ ವಿಭೂತಿ, ಊದುಬತ್ತಿಗಳ ಅಡಿಯಿಂದ ಇನ್ನೊಂದು ವಾಸನೆ ಬಡಿಯಿತು. ಹತ್ತು ವರ್ಷ ಹುಣ್ಣು ತೊಳೆದ ಮೂಗು ಅದು, ತಪ್ಪುವಂಥದ್ದಲ್ಲ. ವಿಭೂತಿ ಒರೆಸಿ ನೋಡಿದರೆ ಬಲ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಹುಣ್ಣು. ಒತ್ತಿದರೆ ಕೀವು ಬಂತು. ಅಯ್ಯನವರು ಮಾತ್ರ ಹಸನ್ಮುಖರಾಗಿ ಕುಳಿತಿದ್ದರು.

“ಅಯ್ನಾರ, ಹುಣ್ಣಾಗಿ ಒಳಗ ಕೀವು ತುಂಬೇತ್ರಿ” ಎಂದು ಮೆಲ್ಲಗೆ ಹೇಳಿದಳು.

ಅಯ್ಯನವರ ಜೊತೆ ಬಂದಿದ್ದ ಮುದಕಪ್ಪ ಸಿಡಿದೆದ್ದ. “ಗುರುವಿನ ಪಾದಕ್ಕ ಹುಣ್ಣಂತಿಯೇನ? ದವಾಖಾನ್ಯಾಗಿನ ಮಾತು ಅಲ್ಲೇ ಬಿಟ್ಟು ಬಾ!”

“ನೋವೇನಿಲ್ಲ ಬಿಡವಾ” ಎಂದರು ಅಯ್ಯನವರು, ಸ್ವಲ್ಪ ಬಿಗುವಾಗಿ.

ಗುರುಬಸವ್ವ ಹಿಡಿದ ಪಾದವನ್ನು ಬಿಡಲಿಲ್ಲ. ಅಷ್ಟರಲ್ಲಿ ಮುದಕಪ್ಪ ಇನ್ನೊಂದು ಸುದ್ದಿ ಹೇಳಿದ. ಬರುವ ಸೋಮವಾರ ಮುಂಡಗೋಡದ ಹತ್ತಿರ ಅವನ ಬೀಗರ ಊರಲ್ಲಿ ಗುಗ್ಗಳದ ಕೆಂಡಸೇವೆ. ಎಲ್ಲರೂ ಕೆಂಡವನ್ನು ಓಡಿ ದಾಟುತ್ತಾರೆ. ಅಯ್ಯನವರು ಕೆಂಡದ ನಡುವೆ ನಿಂತು, ಐದು ಸಲ ಮಂತ್ರ ಹೇಳಿ ದಾಟುತ್ತಾರೆ. ಸುತ್ತಲಿನ ಹಳ್ಳಿಗಳಿಗೆಲ್ಲ ಹೇಳಿ ಕಳುಹಿಸಿಯಾಗಿತ್ತು.

ಆ ಕಾಲನ್ನು ಕೆಂಡದಲ್ಲಿ ನಿಲ್ಲಿಸಿದರೆ ಮತ್ತೆ ಉಳಿಯುವುದಿಲ್ಲ, ಕಾಲಿನ ಹಿಂದೆಯೇ ಜೀವವೂ ಹೋಗಬಹುದು. ಇದು ಗುರುಬಸವ್ವನಿಗೆ ಗೊತ್ತಿತ್ತು. ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಳಿಗ್ಗೆ ಬಿಲ್ವಪತ್ರಿಯ ಬುಟ್ಟಿ ಹಿಡಿದು ಅಯ್ಯನವರ ಮನೆಗೆ ಹೋದಳು. ಅವರ ಹೆಂಡತಿ ಕಾಶೆವ್ವ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿದಳು. ಕೊಡ ನೀರು ಕುಡಿದರೂ ದಾಹ ಹೋಗುವುದಿಲ್ಲ, ಗಳಿಗೆಗೊಮ್ಮೆ ಹಿತ್ತಿಲಿಗೆ ಹೋಗುತ್ತಾರೆ, ಹೋದಲ್ಲೆಲ್ಲ ಇರುವೆ ಮುತ್ತುತ್ತವೆ. “ಮುದಕಪ್ಪಗ ಹೇಳಿದ್ರ, ಇರುವಿನೂ ಭಕ್ತರಾಗ್ಯಾವ ಅಂತ ಕೈ ಮುಗದಾನವಾ” ಎಂದಳು ಕಾಶೆವ್ವ.

ಗುರುಬಸವ್ವ ನಗೆ ನುಂಗಿಕೊಂಡು ಅಯ್ಯನವರ ಮುಂದೆ ಮಣೆ ಹಾಕಿದಳು.

“ಅಯ್ನಾರ, ಮೊನ್ನೆ ನಂದು ತಪ್ಪಾತ್ರಿ. ಇವತ್ತು ಪಾದಕ್ಕ ಹನ್ನೊಂದು ಪತ್ರಿ ಏರಸ್ತೇನಿ. ಕಣ್ಣು ಮುಚ್ಕೊಂಡಿರ್ರಿ, ಹನ್ನೊಂದನೇದು ಬಿದ್ದ ಕೂಡಲೆ ಆಶೀರ್ವಾದ ಮಾಡ್ರಿ.”

ಅಯ್ಯನವರಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿದರು. ಗುರುಬಸವ್ವ ಕೈಕಟ್ಟಿ ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಅಯ್ಯನವರು ಅಂದಾಜಿನ ಮೇಲೆ ಕೈಯೆತ್ತಿ ಆಶೀರ್ವಾದ ಮಾಡಿದರು. ಕಣ್ಣು ತೆರೆದರೆ ಪಾದ ಬರಿದು, ಹನ್ನೊಂದೂ ಪತ್ರಿ ತಟ್ಟೆಯಲ್ಲಿ.

“ಏನಿದು ಚೇಷ್ಟೆ?”

“ಕೈ ತಡೀತ್ರಿ. ಇನ್ನೊಮ್ಮೆ ಮುಚ್ಚರಿ.”

ಈ ಸಲ ಹನ್ನೊಂದನ್ನೂ ಏರಿಸಿದಳು. ಮೇಲೆ ಎರಡು ಹೂವು, ಸಾಲದ್ದಕ್ಕೆ ಬೆರಳ ಸಂದಿಯಲ್ಲಿ ಒಂದು ಸಣ್ಣ ನಿಂಬೆಹಣ್ಣು. ಅಯ್ಯನವರು ಕಾದೇ ಕಾದರು. ಕೊನೆಗೆ ಬೇಸರದಿಂದ, “ಏರಿಸವಾ, ಇನ್ನೂ ಯಾಕ ತಡ?” ಎಂದರು. ಬಾಗಿಲಲ್ಲಿ ನಿಂತಿದ್ದ ಕಾಶೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಯ್ಯನವರು ಕಣ್ಣು ತೆರೆದು ತಮ್ಮ ಪಾದವನ್ನು ನೋಡಿದರು.

“ಬೆಂಕಿ ತಿಳೀದಿದ್ರ ಮಂದಿ ಸಿದ್ಧಿ ಅಂದ್ರು” ಎಂದಳು ಗುರುಬಸವ್ವ. “ಭಕ್ತರು ಏರಿಸಿದ ಪತ್ರಿ ತಿಳೀದಿದ್ರ ಅದಕ್ಕ ಏನಂತೀರಿ, ಅಯ್ನಾರ?”

ಅಯ್ಯನವರು ನಿಂಬೆಹಣ್ಣನ್ನು ಕೈಗೆತ್ತಿಕೊಂಡು, ಹೋದ ಶ್ರಾವಣದಿಂದಲೇ ತಮಗೆ ಅಂಜಿಕೆಯಿತ್ತು ಎಂದು ಒಪ್ಪಿಕೊಂಡರು. “ಒಂದು ಆವಿಗಿ ಎಲ್ಲೋ ಕಳಚಿ ಬಿದ್ದಿತ್ತು. ಒಂದರಾಗೇ ಸಂತಿ ತನಕ ನಡದೇನಿ, ನನಗ ಗೊತ್ತಾಗಲಿಲ್ಲ. ಮಂದಿ ವೈರಾಗ್ಯ ಅಂದ್ರು. ನಾನೂ ಹೂಂ ಅಂದೆ.”

ಅದೇ ದಿನ ದವಾಖಾನೆಯ ಹಿಂಬಾಗಿಲಿನಿಂದ ಅವರನ್ನು ಒಳಗೆ ಕರೆದುಕೊಂಡು ಹೋದಳು. ಗಾಜಿನ ನಳಿಗೆಯಲ್ಲಿನ ನೀಲಿ ಔಷಧಕ್ಕೆ ಅವರ ಮೂತ್ರದ ಎಂಟು ಹನಿ ಬಿಟ್ಟು ದೀಪದ ಮೇಲೆ ಕುದಿಸಿದಾಗ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಡಾಕ್ಟರು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಅಯ್ಯನವರು ಗುರುಬಸವ್ವನ ಮುಖ ನೋಡಿದರು.

“ಸಕ್ಕರಿ ಬ್ಯಾನಿ ರೀ. ಪೂರ್ತಿ ಹೋಗೂದಿಲ್ಲ, ಹದ್ದುಬಸ್ತಿನಾಗ ಇರತೈತಿ. ಗುಳಿಗಿ ತಗೋಬೇಕು, ಹೋಳಿಗಿ ಬಿಡಬೇಕು. ಹುಣ್ಣು ಮಾಯತೈತಿ, ಆದ್ರ ಒಂದು ತಿಂಗಳು ಕಾಲು ನೆಲಕ್ಕ ಭಾಳ ಊರಬಾರದು. ಬಿಸಿ ನೀರು ಕೈಲೆ ಮುಟ್ಟಿ ನೋಡದ ಕಾಲಿಗೆ ಹಾಕಬಾರದು. ದಿನಾ ಅಂಗಾಲು ನೋಡ್ಕೋಬೇಕು, ಬರಿಗಾಲಿಲೆ ಅಡ್ಡಾಡಬಾರದು.”

“ಹೋಳಿಗಿ?” ಎಂದರು ಅಯ್ಯನವರು ಕ್ಷೀಣವಾಗಿ. ಕೆಂಡದ ಬಗ್ಗೆ ಮಾತ್ರ ಒಂದು ಮಾತನ್ನೂ ಆಡಲಿಲ್ಲ. ಗುರುಬಸವ್ವನಿಗೆ ಅದೇ ಚಿಂತೆಯಾಯಿತು.

ಸೋಮವಾರ ಮುದಕಪ್ಪ ಅಯ್ಯನವರನ್ನು ಮುಂಡಗೋಡದ ಬಸ್ಸಿಗೆ ಹತ್ತಿಸಿದಾಗ ಅವಳೂ ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕುಳಿತಳು. ಊರು ತಲುಪಿದರೆ ಜನವೋ ಜನ. ಗುಡಿಯ ಮುಂದೆ ಉದ್ದಕ್ಕೆ ಕೆಂಡ ಹರಡಿತ್ತು. ದವಾಖಾನೆಯಲ್ಲಿ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಲು ಮುದಕಪ್ಪ ಅಯ್ಯನವರ ಕಾಲಿಗೆ ಬಗ್ಗಿದ. ಗುರುಬಸವ್ವ ಹಿಂದಿನಿಂದ ಕತ್ತು ಚಾಚಿ ನೋಡಿದಳು. ಇಷ್ಟು ಜನರ ಜಯಘೋಷವನ್ನು ಬಿಟ್ಟು ಯಾರು ಹಿಂದೆ ಸರಿದಾರು?

“ಬಿಡು ಮುದಕಪ್ಪ” ಎಂದರು ಅಯ್ಯನವರು. ಕೆಂಡದ ಅಂಚಿನಲ್ಲೇ ನಿಂತು ಜನರ ಕಡೆ ತಿರುಗಿದರು. “ನನ್ನ ಕಾಲಿಗೆ ಬೆಂಕಿ ತಿಳಿಯೂದಿಲ್ಲ, ಖರೆ. ಅದು ಸಿದ್ಧಿ ಅಲ್ಲ, ಬ್ಯಾನಿ. ಸಕ್ಕರಿ ಬ್ಯಾನಿ. ಅರಿವು ಸತ್ತು ಹುಣ್ಣು ಬಿದ್ದೇತಿ. ಗೊತ್ತಿದ್ದೂ ನಿಮ್ಮ ಮುಂದ ಸುಮ್ಮನಿದ್ದೆ, ತಪ್ಪಾತು.”

ಡೊಳ್ಳು ನಿಂತಿತು. ಮುದಕಪ್ಪನ ಮುಖ ನೋಡುವಂತಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಸತ್ತೆವ್ವ ಎಂಬ ಮುದುಕಿ ಕೋಲೂರಿಕೊಂಡು ಎದ್ದಳು. “ಹಂಗಾರ ಅಯ್ನಾರ, ನನಗೂ ಸಿದ್ಧಿ ಆಗಿ ಮೂರು ವರ್ಷ ಆತಲ್ರಿ! ಒಲಿ ಕೆಂಡ ಕಾಲ ಮ್ಯಾಲೆ ಬಿದ್ದರೂ ತಿಳಿಯೂದಿಲ್ಲ. ನನ್ನ ಪಾದಕ್ಕ ಯಾರೂ ಪತ್ರಿ ಏರಸಲಿಲ್ಲ. ಸೊಸಿ ‘ಕಣ್ಣು ಹೋಗ್ಯಾವೇನ ಮುದುಕಿ’ ಅಂತ ಬೈದ್ಲು.”

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಇಡೀ ಊರು ನಕ್ಕಿತು, ಅಯ್ಯನವರೂ ನಕ್ಕರು. ಗುರುಬಸವ್ವ ಮಾತ್ರ ನಗಲಿಲ್ಲ. ಜನರನ್ನು ಸರಿಸಿಕೊಂಡು ಬಂದು, ಸತ್ತೆವ್ವನನ್ನು ಕೂರಿಸಿ, ತಾನೂ ಕೆಂಡಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತು, ಮೂರು ವರ್ಷದಿಂದ ಯಾರೂ ನೋಡದಿದ್ದ ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು.