ಡೈರಿ ಮುಂದೆ ಸುತ್ತಿಟ್ಟ ಫ್ಲೆಕ್ಸು

ಅಕ್ಕಿಹೆಬ್ಬಾಳಿನ ಹತ್ತಿರ ನಮ್ಮೂರು. ಹಾಲಿನ ಡೈರಿ ಎದುರಿಗೆ ನನ್ನ ಮರಗೆಲಸದ ಅಂಗಡಿ. ಬಾಗಿಲು, ಕಿಟಕಿ ಮಾಡ್ತೀನಿ. ಈಚೆಗಂತೂ ಫ್ಲೆಕ್ಸಿಗೆ ಚೌಕಟ್ಟು ಹೊಡೆಯೋದೇ ಜಾಸ್ತಿ. ಹುಟ್ಟುಹಬ್ಬ, ಎಲೆಕ್ಷನ್ನು, ತಿಥಿ, ಯಾವುದಾದರೂ ಸರಿ, ನಮ್ಮ ಕಡೆ ಫ್ಲೆಕ್ಸು ಬೇಕೇ ಬೇಕು. ಆ ಅಂಗಡಿಯಲ್ಲಿ ನಾನು ಇವತ್ತೂ ಕೂತು ಕೆಲಸ ಮಾಡ್ತಿದ್ದೀನಿ ಅಂದರೆ ಅದು ನಮ್ಮ ಬೀದಿಯ ಒಬ್ಬ ಅಕ್ಕನ ದಯೆ. ಅವರನ್ನ ನೆನೆಸಿಕೊಂಡರೆ ಈಗಲೂ ಕೈ ಮುಗಿಯೋಣ ಅನ್ನಿಸುತ್ತೆ.

ಆ ಬೇಸಗೆ ಗಡಿಯಲ್ಲಿ ಗಲಾಟೆ ಶುರುವಾಗಿತ್ತು. ಅಕ್ಕನ ಒಬ್ಬನೇ ಮಗ ಸೈನ್ಯದಲ್ಲಿದ್ದ. ಅಲ್ಲೀತನಕ ಹಾಲು ಹಾಕೋಕೆ ಬಂದರೆ ಮಗನ ಸುದ್ದಿ ಬಿಟ್ಟು ಬೇರೆ ಮಾತೇ ಆಡದಿದ್ದ ಹೆಂಗಸು, ಗಪ್‌ಚುಪ್ ಆಗಿಬಿಟ್ಟರು. ‘ಮಗ ಎಲ್ಲವ್ನಕ್ಕ?’ ಅಂದರೆ, ‘ಅವ್ನೆ ಕಣಪ್ಪ, ಚೆಂದಾಗವ್ನೆ’, ಅಷ್ಟೇ. ಎಲ್ಲಿದ್ದೀನಿ ಅಂತ ಯಾರಿಗೂ ಹೇಳಬೇಡ ಅಂತ ಮಗ ಫೋನಿನಲ್ಲಿ ಕಟ್ಟುನಿಟ್ಟು ಮಾಡಿದ್ದನಂತೆ.

ನಾನೋ, ಸುಮ್ಮನಿರೋ ಆಸಾಮಿಯಲ್ಲ. ಒಂದು ಬೆಳಗ್ಗೆ ಡೈರಿ ಮುಂದೆ ಎಲ್ಲರೂ ಟೀವಿ ಸುದ್ದಿ ಹೇಳಿಕೊಂಡು ಕುಣೀತಿದ್ದಾಗ ಅಂದುಬಿಟ್ಟೆ: ‘ಹುಡುಗ್ರೇನೋ ಎದೆ ಕೊಟ್ಟು ನಿಂತವ್ರೆ. ವೈರಿಗಳು ಒಳಕ್ಕೆ ನುಗ್ಗೋಗಂಟ ಮೇಲಿನ ದೊಡ್ಡೋರು ಏನ್ ಮಾಡ್ತಿದ್ರು ಅಂತ ಒಬ್ರಾದ್ರೂ ಕೇಳ್ಬ್ಯಾಡ್ವಾ?’ ಇಷ್ಟೇ ಕಣ್ರೀ ನಾನಂದದ್ದು. ಅದನ್ನ ಯಾವನೋ ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಬಿಟ್ಟ. ಮಧ್ಯಾಹ್ನ ಊಟಕ್ಕೆ ಕೂರೋ ಹೊತ್ತಿಗೆ ನಾನು ದೇಶದ್ರೋಹಿ ಆಗಿದ್ದೆ.

ಊರಿನ ದೊಡ್ಡ ಜಮೀನಿನವರ ಮಗ, ಹುಡುಗರಿಗೆಲ್ಲ ಮುಂದಾಳು, ಅಂಗಡಿಗೇ ಬಂದ. ‘ಆಚಾರ್ರೇ, ನಾಳೆ ಬೆಳಗ್ಗೆ ಡೈರಿ ಮುಂದೆ ಎಲ್ರೆದ್ರಿಗೂ ತಪ್ಪಾಯ್ತು ಅನ್ನಿ. ಇಲ್ದಿದ್ರೆ ವಿಡಿಯೋ ತಕ್ಕಂಡು ಪ್ಯಾಟೆ ಸ್ಟೇಷನ್‌ಗೆ ಓಯ್ತೀವಿ. ಊರಲ್ಲಿ ಒಬ್ರೂ ನಿಮ್ಗೆ ಕೆಲ್ಸ ಕೊಡಾಕಿಲ್ಲ.’

ಸಂಜೆಗೆಲ್ಲ, ಹೊಸ ಮನೆಗೆ ಬಾಗಿಲು ಹೇಳಿದ್ದವರು ಬೇಡ ಅಂತ ಹೇಳಿ ಕಳಿಸಿದರು. ಹೆಂಡತಿ ಅತ್ತಳು. ‘ತಪ್ಪಾಯ್ತು ಅಂದ್ರೆ ನಿಮ್ ಗಂಟೇನ್ ಓಯ್ತದೆ? ಕೇಸಾದ್ರೆ ನಮ್ ಗತಿಯೇನು?’ ನನಗೂ ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ತಪ್ಪಾಯ್ತು ಅಂದು ಕೈ ತೊಳಕೊಳ್ಳೋಣ ಅಂತಲೇ ಬೆಳಗ್ಗೆ ಹೊರಟೆ.

ಡೈರಿ ಮುಂದೆ ಜನವೋ ಜನ. ಆ ಹುಡುಗ ಪ್ಯಾಟೆಯಲ್ಲಿ ಪ್ರಿಂಟ್ ಹಾಕಿಸಿದ ದೊಡ್ಡ ಫ್ಲೆಕ್ಸನ್ನ ನೆಲಕ್ಕೆ ಹಾಸಿದ್ದ. ಹೋದ ವಾರ ಅದಕ್ಕೆ ಚೌಕಟ್ಟು ಮಾಡಿಕೊಟ್ಟವನು ನಾನೇ. ಫ್ಲೆಕ್ಸು ಮಾತ್ರ ನೋಡಿರಲಿಲ್ಲ. ಅಕ್ಕನ ಮಗನ ಆಳೆತ್ತರದ ಫೋಟೋ, ಮಿಲಿಟರಿ ಬಟ್ಟೆಯಲ್ಲಿ. ಕೆಳಗೆ ‘ನಮ್ಮೂರ ಹುಲಿ’ ಅಂತ. ಅದರ ಕೆಳಗೆ ಅವನ ಪಡೆಯ ಹೆಸರು, ಗಡಿಯ ಯಾವ ಜಾಗದಲ್ಲಿ ಕಾವಲಿದ್ದಾನೆ ಅನ್ನೋದು. ಸುತ್ತ ಶುಭ ಕೋರುವವರ ತಲೆಗಳು. ‘ಮೊದ್ಲು ತಪ್ಪಾಯ್ತು ಅನ್ನಿ. ಆಮೇಲೆ ನಿಮ್ ಕೈಯಾರ ಇದ್ನ ಚೌಕಟ್ಟಿಗೆ ಹೊಡೀರಿ’ ಅಂದ ಹುಡುಗ.

ಆಗಲೇ ಅಕ್ಕ ಹಾಲಿನ ಕ್ಯಾನು ಹಿಡಿದು ಬಂದರು. ಮಗನ ಫೋಟೋ ಕಂಡು ಮುಖ ಅರಳಿತು. ಬಗ್ಗಿ ಕೆಳಗಿನ ಅಕ್ಷರ ಓದಿದರು. ಕ್ಯಾನನ್ನ ದಬಕ್ಕನೆ ನೆಲಕ್ಕಿಟ್ಟರು.

‘ಇದ್ನ ಯಾರ್ಲಾ ಯೋಳುದ್ರು ನಿಂಗೆ?’

‘ಅವ್ನ ಸ್ನೇಹಿತ ಒಬ್ಬ ಬಾಯ್ಬುಟ್ಟ ದೊಡ್ಡವ್ವ. ನಿನ್ನೆಯಿಂದ ಸ್ಟೇಟಸ್ಸಲ್ಲೂ ಆಕಿವ್ನಿ’ ಅಂದ ಹುಡುಗ, ಬಲು ಹೆಮ್ಮೆಯಿಂದ.

‘ಸುತ್ತಲಾ ಅದ್ನ! ಸ್ಟೇಟಸ್ಸೂ ತಗಿ, ಈಗ್ಲೇ!’ ಅಕ್ಕ ಅಂಥಾ ದನಿ ತೆಗೆದಿದ್ದನ್ನ ಊರು ಕೇಳಿರಲಿಲ್ಲ. ‘ಎತ್ತ ತಾಯಿ ನಾನು, ಒಡಹುಟ್ಟಿದೋಳ್ಗೂ ಅವ್ನು ಎಲ್ಲವ್ನೆ ಅಂತ ಯೋಳಿಲ್ಲ. ನೀನು ರೋಡಲ್ಲಿ ನಿಲ್ಸಿ ಸಾರ್ತೀಯಾ? ಇದು ಅವ್ನ ಜೀವ ಕಣ್ಲಾ! ಇದ್ನ ಮುಚ್ಚಿಡೋದು ಬುಟ್ಟು ಆಚಾರಪ್ಪನ ಬಾಯ್ ಮುಚ್ಚುಸ್ತಾನಂತೆ! ಆವಯ್ಯ ಕೇಳಿದ್ದು ದೊಡ್ಡೋರ್ನ. ಅದ್ರಿಂದ ನನ್ ಮಗಂಗೆ ಗುಂಡು ಬೀಳ್ತದಾ? ನನ್ ಮಗನ ಎಸ್ರು ಯೋಳ್ಕಂಡು ಯಾರ್ ಮೇಲೂ ಕೇಸ್ ಆಕ್ಬ್ಯಾಡಿ, ಅಷ್ಟೇಯ.’

ಹುಡುಗನ ಮುಖ ಸಣ್ಣಗಾಯಿತು. ಕೆಟ್ಟವನಲ್ಲ ಅವನು, ಪಾಪ. ಸ್ಟೇಟಸ್ಸು ಅಳಿಸಿದ, ನನ್ನ ವಿಡಿಯೋನೂ ಗುಂಪಿನಿಂದ ತೆಗೆಸಿದ. ಮಂಡಿಯೂರಿ ಫ್ಲೆಕ್ಸು ಸುತ್ತೋಕೆ ಶುರುಮಾಡಿದ. ಇನ್ನೊಂದು ತುದಿ ನಾನು ಹಿಡಿದುಕೊಂಡೆ. ನನ್ನನ್ನ ತಪ್ಪಾಯ್ತು ಅನ್ನು ಅಂತ ಆಮೇಲೆ ಯಾರೂ ಕೇಳಲಿಲ್ಲ. ಬಾಗಿಲು ಬೇಡ ಅಂದಿದ್ದವರೂ ಸ್ವಲ್ಪ ದಿನ ಬಿಟ್ಟು ತಾವೇ ಬಂದರು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ‘ನಿಮ್ಮಿಂದ ನಾನು ಉಳ್ಕಂಡೆ ಅಕ್ಕ’ ಅಂತ ಕೈ ಮುಗಿದೆ. ಹಾಳಾದ್ದು, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಕ್ಕ ಹಸುವಿಗೆ ಹುಲ್ಲು ಹಾಕ್ತಿದ್ದರು, ತಿರುಗಲಿಲ್ಲ.

‘ನಿನ್ ಮಾತು ಕೇಳಿ ನಂಗೂ ಒಟ್ಟೆ ಉರ್ದಿತ್ತು ಕಣಪ್ಪ. ನನ್ ಮಗ ಅಲ್ಲಿರೋವಾಗ ಇವ್ನ್ಯಾಕೆ ಇಂಗಂತಾನೆ ಅಂತ. ಆಮೇಲೆ ಕೂತ್ಕಂಡು ಯೋಚ್ನೆ ಮಾಡ್ದೆ.’ ಕೈಲಿದ್ದ ಹುಲ್ಲನ್ನ ಕೆಳಗಿಟ್ಟರು. ‘ನಾಳೆ ಅವ್ನಿಗೆ ಏನಾರ ಆಗ್ಬುಟ್ರೆ, ನಾನು ಅತ್ಕಂಡು ಬಿದ್ದಿರ್ತೀನಿ. ಯಾಕಾಯ್ತು ಅಂತ ಕೇಳಾಕೆ ಈ ಊರಲ್ಲಿ ಒಬ್ರಾದ್ರೂ ಉಳ್ಕಂಡಿರ್ಬೇಕಲ್ಲ, ಆಚಾರಪ್ಪ?’